ಕಪ್ಪಾದ ಬಿಳಿ ನೊಣ

ಗಾಜಿನ ಮನೆ ಎಂದರೆ ನಮ್ಮಂಥವರಿಗೆ ನೆನಪಾಗುವುದು ಲಾಲ್‌ಬಾಗು, ಅಲ್ಲಿನ ಫಲಪುಷ್ಪ ಪ್ರದರ್ಶನ. ಲಂಡನ್ನಿನ ಉತ್ತರಕ್ಕಿರುವ ಲೀ ಕಣಿವೆಯವರಿಗೆ ಅದು ಹೊಟ್ಟೆಪಾಡು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಲ್ಲಿ ಎಕರೆಗಟ್ಟಲೆ ಗಾಜಿನ ಮನೆಗಳೆದ್ದವು. ಕಲ್ಲಿದ್ದಲು ಉರಿಸಿ, ಕೊಳವೆಗಳಲ್ಲಿ ಬಿಸಿನೀರು ಹರಿಸಿ, ಟೊಮೆಟೊ ಬೆಳೆದು ಲಂಡನ್ನಿಗೆ ಮಾರುತ್ತಿದ್ದರು.

ಗಿಡಕ್ಕೆ ಹಿತವಾದ ಆ ಬೆಚ್ಚನೆ ಗಾಳಿ ಬಿಳಿ ನೊಣಕ್ಕೂ ಹಿತ. ಎಲೆಯಡಿ ಕೂತು ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಬೂಷ್ಟು ಬೆಳೆದು ಹಣ್ಣು ಮಸಿ ಹಿಡಿದಂತಾಗುತ್ತದೆ. ಬೆಳೆಗಾರರು ಬಾಗಿಲು ಮುಚ್ಚಿ ಒಳಗೆ ಸಯನೈಡ್ ಹೊಗೆ ಹಾಕುತ್ತಿದ್ದರು. ಮನುಷ್ಯನನ್ನೂ ಕೊಲ್ಲುವ ಹೊಗೆ ಅದು.

1926ರಲ್ಲಿ ಹರ್ಟ್‌ಫರ್ಡ್‌ಶೈರಿನ ಟೊಮೆಟೊ ಬೆಳೆಗಾರನೊಬ್ಬ ಎಲೆಯ ಮೇಲೆ ಬಿಳಿ ನೊಣದ ಮರಿಗಳು ಕೆಲವು ಕಪ್ಪಾಗಿರುವುದನ್ನು ಕಂಡ. ಚೆಷಂಟ್ ಸಂಶೋಧನಾ ಕೇಂದ್ರದ ಕೀಟಶಾಸ್ತ್ರಜ್ಞ ಸ್ಪೇಯರ್ ಅವರ ಗಮನಕ್ಕೆ ತಂದ. ಈ ಕಥೆಯಲ್ಲಿ ನನಗೆ ಅತಿ ಇಷ್ಟವಾಗುವವನು ಆ ಬೆಳೆಗಾರ. ಎಲೆ ನೋಡಿದ, ಅರ್ಥವಾಗದ್ದನ್ನು ಕೇಳಿದ.

ಕಪ್ಪಿಗೆ ಕಾರಣ ಎನ್‌ಕಾರ್ಸಿಯಾ ಫಾರ್ಮೋಸಾ ಎಂಬ, ಒಂದು ಮಿಲಿಮೀಟರಿಗಿಂತಲೂ ಚಿಕ್ಕ ಕಣಜ. ಬಿಳಿ ನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ. ಒಳಗಿನ ಹುಳು ಮರಿಯನ್ನು ತಿನ್ನುತ್ತಾ ಬೆಳೆದಂತೆ ಚಿಪ್ಪು ಕಪ್ಪಾಗುತ್ತದೆ. ಕೊನೆಗೆ ತೂತು ಕೊರೆದು ಹೊಸ ಕಣಜ ಹೊರಬರುತ್ತದೆ. ಕೇಂದ್ರದವರು ಇದನ್ನು ಸಾಕತೊಡಗಿದರು. 1930ರ ಹೊತ್ತಿಗೆ ವರ್ಷಕ್ಕೆ ಸುಮಾರು 15 ಲಕ್ಷ ಕಣಜಗಳು ಬ್ರಿಟನ್ನಿನ ಸುಮಾರು 800 ತೋಟಗಳಿಗೆ ಹೋಗುತ್ತಿದ್ದವು. ಕೆನಡಾ, ಆಸ್ಟ್ರೇಲಿಯಾಗಳಿಗೂ ಕಳಿಸಿದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಬಂತು, ಕಣಜ ಮೂಲೆಗೆ ಬಿತ್ತು. ಬೆಳೆಗಾರರನ್ನು ನಾನು ಬೈಯಲಾರೆ. ಚೆನ್ನಾಗಿಯೇ ನಡೆಯುತ್ತಿದ್ದ ಹಳೆಯ ಸಾಫ್ಟ್‌ವೇರನ್ನು ಹೊಸದು ಬಂತೆಂದು ಬಿಸಾಡುವ ಮೀಟಿಂಗುಗಳಲ್ಲಿ ನಾನೂ ತಲೆಯಾಡಿಸಿದವನೇ. ಕಣಜ ಬದುಕಬೇಕಾದರೆ ಒಂದಿಷ್ಟು ಬಿಳಿ ನೊಣ ಉಳಿದಿರಬೇಕು, ಬೆಳೆಗಾರ ಅದನ್ನು ಸಹಿಸಿಕೊಂಡು ಕಾಯಬೇಕು. ಡಿಡಿಟಿಗೆ ಆ ತಾಳ್ಮೆ ಬೇಡ.

ಕೆಲವೇ ವರ್ಷಗಳಲ್ಲಿ ಮದ್ದುಗಳಿಗೆ ಕೆಂಪು ಜೇಡ ನುಸಿ ಬಗ್ಗದಾಯಿತು. 1958ರಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ, ಅದನ್ನು ತಿನ್ನುವ ಮತ್ತೊಂದು ನುಸಿ ಆಕಸ್ಮಿಕವಾಗಿ ಬಂತು. ಅದನ್ನು ಸಾಕಿಕೊಂಡರೆ ಬಿಳಿ ನೊಣಕ್ಕೆ ಮದ್ದು ಹೊಡೆಯುವಂತಿಲ್ಲ, ಹೊಡೆದರೆ ನುಸಿಯೂ ಸಾಯುತ್ತದೆ. ಆಗ ನೆನಪಾಯಿತು ನೋಡಿ, ಹಳೆಯ ಕಣಜ! 1970ರ ದಶಕದಲ್ಲಿ ಅದು ಮತ್ತೆ ಗಾಜಿನ ಮನೆ ಹೊಕ್ಕಿತು.

ಅಲ್ಲಿಯವರೆಗೂ ಕಾಯಿ ಕಚ್ಚಲೆಂದು ಆಳುಗಳು ಹೂಗೊಂಚಲುಗಳನ್ನು ಒಂದೊಂದಾಗಿ ಅಲುಗಿಸಬೇಕಿತ್ತು. 1980ರ ದಶಕದ ಕೊನೆಗೆ ಆ ಕೆಲಸಕ್ಕೆ ಬಂಬಲ್‌ಬೀ ಪೆಟ್ಟಿಗೆಗಳನ್ನಿಟ್ಟರು, ಕೂಲಿ ಉಳಿಯಿತು. ದುಡ್ಡು ಕೊಟ್ಟು ತಂದ ದುಂಬಿಗಳಿರುವಲ್ಲಿ ಕಂಡಕಂಡ ವಿಷ ಹೊಡೆಯುವವರು ಯಾರು?

ಕಣಜಗಳು ಈಗ ಬರುವುದು ರಟ್ಟಿನ ಚೀಟಿಗೆ ಅಂಟಿಸಿದ ಕಪ್ಪು ಚುಕ್ಕಿಗಳಾಗಿ. ಚೀಟಿಯನ್ನು ಗಿಡಕ್ಕೆ ನೇತುಹಾಕಿದರಾಯಿತು.