ಕೆನ್ನೆಯೊಳಗೆ ಮೆತ್ತನೆಯ ಗಂಟು: ಕ್ಯಾನ್ಸರೇ ಇರಬೇಕೆ?

ಬಾಯೊಳಗಿನ ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ. ಲಿಪೋಮಾ ಎಂಬುದು ಕೊಬ್ಬಿನ ಜೀವಕೋಶಗಳಿಂದಾಗುವ, ಅಪಾಯವಿಲ್ಲದ ಗಡ್ಡೆ. ಬೆನ್ನು, ತೋಳಿನಲ್ಲಿ ಸಾಮಾನ್ಯ, ಬಾಯಲ್ಲಿ ಅಪರೂಪ. ಬಾಯಿಯ ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ಇದರ ಪಾಲು ಸುಮಾರು ಶೇ. 1ರಿಂದ 4. ಹೆಚ್ಚಾಗಿ 40 ದಾಟಿದವರ ಕೆನ್ನೆಯ ಒಳಭಾಗದಲ್ಲಿ, ತುಸು ಹಳದಿಯಾಗಿ, ನಿಧಾನವಾಗಿ ಬೆಳೆಯುತ್ತದೆ. ನೋವಿಲ್ಲವಲ್ಲ ಎಂದು ಜನ ವರ್ಷಗಟ್ಟಲೆ ಸುಮ್ಮನಿರುತ್ತಾರೆ.

ಅರಿಶಿನ, ಸುಣ್ಣ ಹಚ್ಚಿದರೆ ಇದು ಕರಗುವುದಿಲ್ಲ. ಸುಣ್ಣದಿಂದ ಬಾಯಿ ಸುಡುತ್ತದೆ, ಅಷ್ಟೇ. ತೂಕ ಇಳಿಸಿದರೂ ಹೋಗದು. ಶಸ್ತ್ರಚಿಕಿತ್ಸೆ ಮಾಡಿ ಪೂರ್ತಿ ತೆಗೆದರೆ ಮರಳಿ ಬರುವುದು ಅಪರೂಪ. ತೆಗೆದ ಗಡ್ಡೆಯನ್ನು ಫಾರ್ಮಲಿನ್‌ಗೆ ಹಾಕಿದರೆ ತೇಲುತ್ತದೆ, ಕೊಬ್ಬಲ್ಲವೇ! ಆದರೆ ಖಚಿತವಾಗುವುದು ಬಯಾಪ್ಸಿಯಿಂದಲೇ: ಲಿಪೋಸಾರ್ಕೋಮಾ ಎಂಬ ಕ್ಯಾನ್ಸರ್ ಕೂಡ ಹೊರನೋಟಕ್ಕೆ ಹೀಗೇ ಕಾಣಬಹುದು. ಎರಡು ವಾರವಾದರೂ ಹೋಗದ ಗಂಟು, ಹುಣ್ಣನ್ನು ದಂತವೈದ್ಯರಿಗೆ ತೋರಿಸಿ; ಗುಟ್ಕಾ, ತಂಬಾಕು ಜಗಿಯುವವರಂತೂ ತಡಮಾಡಬೇಡಿ.