ಕಾಣದ ಮಗ್ಗುಲು: ಸ್ಪಾಯ್ಲರ್ ತೆಗೆದ ಡಿಕ್ಕಿ ಮುಚ್ಚಳದ ದುರಸ್ತಿಯನ್ನು ಕುರಿತು

ಕಾರಿನ ಡಿಕ್ಕಿಯ ಮೇಲಿನ ಸ್ಪಾಯ್ಲರನ್ನು ಬಿಚ್ಚಲು ಅರ್ಧ ಗಂಟೆ ಸಾಕು. ಅದು ಉಳಿಸಿಹೋಗುವ ನಾಲ್ಕಾರು ತೂತುಗಳನ್ನು ಸರಿಯಾಗಿ ಮುಚ್ಚಲು ದಿನಗಳೇ ಬೇಕು. ತೂತು ಮುಚ್ಚುವುದೆಂದರೆ ಮೇಲ್ಮೈಯನ್ನು ಸಮ ಮಾಡುವುದೆಂದು ತಿಳಿಯುವುದರಿಂದಲೇ ಈ ಕೆಲಸ ಹೆಚ್ಚಾಗಿ ಕೆಡುತ್ತದೆ. ಡ್ರಿಲ್ ತಗಡನ್ನಷ್ಟೇ ಕೊರೆಯುವುದಿಲ್ಲ, ಅದನ್ನು ತುಕ್ಕಿನಿಂದ ಕಾಯುವ ಪದರಗಳನ್ನೂ ಕಡಿಯುತ್ತದೆ. ಆ ಪದರಗಳನ್ನು ಎರಡೂ ಮಗ್ಗುಲಲ್ಲಿ ಮತ್ತೆ ಕಟ್ಟಿದರೆ ಮಾತ್ರ ದುರಸ್ತಿ ಬಾಳುತ್ತದೆ ಎಂಬುದು ಈ ಲೇಖನದ ವಾದ.

ಮೊದಲೇ ಒಂದು ಗೆರೆ ಎಳೆಯಬೇಕು. ಮೊದಲ ತಲೆಮಾರಿನ ಆಡಿ ಟಿಟಿ ಕಾರುಗಳು ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಅಪಘಾತಕ್ಕೀಡಾದ ಮೇಲೆ ಕಂಪನಿಯೇ ಅವಕ್ಕೆ ಹಿಂಬದಿ ಸ್ಪಾಯ್ಲರ್ ಅಳವಡಿಸಿತು. ಹಾಗೆ ವಾಯುಬಲದ ಲೆಕ್ಕದಿಂದ ಬಂದದ್ದನ್ನು ತೆಗೆಯಲೇಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂದಕ್ಕಾಗಿ ಕೂರಿಸಿದ ಸ್ಪಾಯ್ಲರುಗಳಷ್ಟೇ ಇಲ್ಲಿಯ ವಿಷಯ.

ಡಿಕ್ಕಿ ಮುಚ್ಚಳದ ಉಕ್ಕಿನ ತಗಡು ಸುಮಾರು 0.7 ಮಿಲಿಮೀಟರ್ ದಪ್ಪ. ಬಹಳಷ್ಟು ಕಾರುಗಳಲ್ಲಿ ಅದಕ್ಕೆ ಸತುವಿನ ಲೇಪವಿರುತ್ತದೆ. ಅದರ ಮೇಲೆ, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಅಂಟಿಸಿದ ಸುಮಾರು 20 ಮೈಕ್ರಾನಿನ ಪ್ರೈಮರ್; ಆಮೇಲೆ ಸರ್ಫೇಸರ್, ಬಣ್ಣ, ಕ್ಲಿಯರ್ ಕೋಟ್. ಎಲ್ಲ ಸೇರಿದರೂ 100ರಿಂದ 130 ಮೈಕ್ರಾನ್. ತೂತಿನ ಅಂಚಿನಲ್ಲಿ ಇದೆಲ್ಲ ಒಮ್ಮೆಲೇ ಮುಗಿದು ಬರಿಯ ಉಕ್ಕು ಹೊರಬೀಳುತ್ತದೆ. ಸ್ಪಾಯ್ಲರಿನ ಬುಡದ ರಬ್ಬರಿನಡಿ ನಿಂತ ನೀರು ಬೇಗ ಆರುವುದಿಲ್ಲ. ಗಾಳಿಯಾಡದ ಸಂದಿಗೂ ಗಾಳಿಯಾಡುವ ಹೊರಗಿಗೂ ಆಮ್ಲಜನಕದ ಅಂತರ ಏರ್ಪಟ್ಟು, ಸಂದಿಯೊಳಗಿನ ಉಕ್ಕು ಮೊದಲು ಸವೆಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಬಣ್ಣ ಗುಳ್ಳೆಯೇಳುತ್ತದೆ. ಕಣ್ಣಿಗೆ ಗುಳ್ಳೆ ಬೀಳುವ ಹೊತ್ತಿಗೆ ಒಳಮಗ್ಗುಲು ಅದಕ್ಕಿಂತ ಹೆಚ್ಚು ಕೆಟ್ಟಿರುತ್ತದೆ.

ಎಷ್ಟೋ ಗ್ಯಾರೇಜುಗಳಲ್ಲಿ ತೂತಿಗೆ ಪುಟ್ಟಿ ಮೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ಬಣ್ಣ ಹೊಡೆದು ಕಾರು ಒಪ್ಪಿಸುತ್ತಾರೆ. ಹಿಂದೆ ಆಸರೆಯಿಲ್ಲದ ಪುಟ್ಟಿ 0.7 ಮಿಲಿಮೀಟರಿನ ಅಂಚೊಂದನ್ನೇ ಹಿಡಿದು ನಿಂತಿರಬೇಕು. ಬಿಸಿಲಿಗೆ ಅದು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಒಳಗಿನಿಂದ ತೇವ ಹೀರುತ್ತದೆ. ಡಿಕ್ಕಿಯನ್ನು ದಿನಕ್ಕೆ ಹತ್ತು ಸಲ ಬಡಿದು ಮುಚ್ಚುತ್ತೇವೆ. ತೂತಿನ ಸುತ್ತ ಉಂಗುರದಂಥ ಬಿರುಕು ಬರುವುದು ಇದರಿಂದಲೇ.

ಹಳಬರು ಇದನ್ನು ಬಲ್ಲವರಾಗಿದ್ದರು. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ಕುಶಲಕರ್ಮಿಗಳು ಕಾರುಗಳ ಲಾಂಛನ, ಹಿಡಿಕೆಗಳನ್ನು ಕಿತ್ತು, ಉಳಿದ ಜಾಗವನ್ನು ಸೀಸ-ತವರದ ಮಿಶ್ರಲೋಹದಿಂದ ತುಂಬುತ್ತಿದ್ದರು. ಅದಕ್ಕೆ ಮೊದಲು ಉಕ್ಕಿಗೆ ತವರ ಹಿಡಿಸಬೇಕಿತ್ತು, ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವ ಹಾಗೆ. ಸೀಸದ ವಿಷದಿಂದಾಗಿ ಆ ದಾರಿ ಈಗ ಬೇಡ. ಆದರೆ ಲೋಹಕ್ಕೆ ಲೋಹವೇ ಹತ್ತಬೇಕೆಂಬ ಅವರ ತಿಳಿವಳಿಕೆ ಇವತ್ತಿಗೂ ಸರಿ.

ಈಗಿನ ಉತ್ತರ ವೆಲ್ಡಿಂಗ್. ಅದರಲ್ಲೂ ತೊಡಕಿದೆ: ಉಕ್ಕು ಕರಗಲು ಹತ್ತಿರಹತ್ತಿರ 1,500 ಡಿಗ್ರಿ ಸೆಲ್ಸಿಯಸ್ ಬೇಕು, ಸತು 907 ಡಿಗ್ರಿಗೇ ಕುದಿದು ಹಾರಿಹೋಗುತ್ತದೆ. ತೂತನ್ನು ಮುಚ್ಚುವ ಬೆಂಕಿಯೇ ಸುತ್ತಲಿನ ರಕ್ಷಣೆಯನ್ನು ಸುಡುತ್ತದೆ. ಸತುವಿನ ಹೊಗೆ ಕೆಲಸಗಾರನಿಗೆ ಜ್ವರ ತರುತ್ತದೆ, ಆದ್ದರಿಂದ ಅಂಚಿನ ಸತುವನ್ನು ಉಜ್ಜಿ ತೆಗೆಯಬೇಕು, ಮುಖಕ್ಕೆ ತಕ್ಕ ಮಾಸ್ಕ್ ಬೇಕು. ಎಡೆಬಿಡದೆ ಕಾಯಿಸಿದರೆ ಚಪ್ಪಟೆ ತಗಡು ಸೊಟ್ಟಗಾಗಿ, ಒತ್ತಿದರೆ ಡಬ್ಬದ ಮುಚ್ಚಳದಂತೆ ಸದ್ದು ಮಾಡುತ್ತದೆ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದು, ಒಂದೊಂದೇ ಚುಕ್ಕೆ ಇಟ್ಟು, ತಣಿಯಲು ಬಿಟ್ಟು ಮುಂದುವರಿಯುವ ಟಿಂಕರಿಂಗ್ ಕೆಲಸಗಾರನ ತಾಳ್ಮೆಗೆ ಬದಲಿಲ್ಲ. ಮೂಲ ಪ್ರೈಮರನ್ನು ಗ್ಯಾರೇಜಿನಲ್ಲಿ ಮರಳಿ ತರಲಾಗದು. ಎಪಾಕ್ಸಿ ಪ್ರೈಮರ್ ಅದಕ್ಕೆ ಹತ್ತಿರದ ಬದಲಿ. ಅದನ್ನು ಒಳಮಗ್ಗುಲಿಗೂ ಹೊಡೆದು ಮೇಣದ ಲೇಪ ಕೊಡಬೇಕು. ಎರಡು ತಗಡುಗಳ ನಡುವೆ ಕೈ ಹೋಗದ ಕಡೆ ವೆಲ್ಡಿಂಗ್ ಮಾಡಿದರೆ ಸುಟ್ಟ ಉಕ್ಕು ಹಾಗೇ ಉಳಿಯುತ್ತದೆ. ಅಂಥಲ್ಲಿ ಪ್ರೈಮರ್ ಹೊಡೆದ ಸಣ್ಣ ತಗಡನ್ನು ತೂತಿನಿಂದ ಒಳತೂರಿಸಿ ಎಪಾಕ್ಸಿ ಅಂಟಿನಿಂದ ಹಿಂಬದಿಗೆ ಕೂರಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಬಣ್ಣದ ಮಾತು ಬೇರೆ. ಸ್ಪಾಯ್ಲರಿನ ನೆರಳಲ್ಲಿದ್ದ ಬಣ್ಣ ಹೊಸದರಂತಿದ್ದು, ಸುತ್ತಲಿನದು ಬಿಸಿಲಿಗೆ ಮಾಸಿರುತ್ತದೆ. ಕೆಂಪು ಕಾರಿನಲ್ಲಿ ಇದು ಎದ್ದು ಕಾಣುತ್ತದೆ. ಪಾಲಿಶ್ ಮಾಡಿ ಅಳಿಸಹೊರಟರೆ ಬಿಸಿಲು ತಡೆಯುವ ಕ್ಲಿಯರ್ ಕೋಟೇ ತೆಳುವಾಗುತ್ತದೆ. ಮುಚ್ಚಳಕ್ಕೆ ಪೂರ್ತಿ ಬಣ್ಣ ಹೊಡೆಯುವುದೇ ಮೇಲು. ಮೆಟಾಲಿಕ್ ಬಣ್ಣವಾದರೆ ಪಕ್ಕದ ಫೆಂಡರುಗಳ ಮೇಲೂ ತೆಳುವಾಗಿ ಬೆರೆಸಬೇಕು.

ಬ್ರೇಕಿನ ಮೂರನೆಯ ದೀಪ ಸ್ಪಾಯ್ಲರಿನಲ್ಲೇ ಇದ್ದಿದ್ದರೆ ಅದಕ್ಕೆ ಬೇರೆ ಜಾಗ ಹುಡುಕಬೇಕು. ಸ್ಪಾಯ್ಲರಿನ ಭಾರ ತಾಳಲೆಂದು ಬಿಗಿ ಸ್ಪ್ರಿಂಗ್ ಹಾಕಿದ್ದರೆ ಡಿಕ್ಕಿ ಈಗ ರಭಸದಿಂದ ಮೇಲೇಳುತ್ತದೆ, ಅದನ್ನೂ ಸಡಿಲಿಸಬೇಕು. ಮೊದಲ ಮಳೆಗಾಲ ಕಳೆದ ಮೇಲೆ ಮುಚ್ಚಳದ ಒಳಹೊದಿಕೆ ಬಿಚ್ಚಿ, ಟಾರ್ಚ್ ಹಿಡಿದು, ಬೆಸುಗೆಯ ಬೆನ್ನನ್ನು ನೋಡಬೇಕು. ಅಲ್ಲಿ ಕಂದು ಬಣ್ಣದ ಒಂದು ಗೆರೆ ಕಂಡರೂ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಮೇಣ ಬಳಿಯಬೇಕು.