ಶಾನುಭೋಗರ ಕಡತದಿಂದ ಕಂಪ್ಯೂಟರಿನ 30 ಅಂಕದವರೆಗೆ

ಬೆಂಗಳೂರಿನ ಗರುಡಾಚಾರ್‌ಪಾಳ್ಯವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಗೆ ಮೆಟ್ರೊ ಹತ್ತಿದರೆ ಸಿಂಗಯ್ಯನಪಾಳ್ಯ ಆದ ಮೇಲೆ ಬರುವ ನಿಲ್ದಾಣ. ನಮ್ಮ ಕಡೆಯ ಹುಡುಗನೊಬ್ಬ ಅಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದ. ಅವನದು ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ. ಹಗಲು ನಾಲ್ಕು ತಾಸು ನಿದ್ದೆ, ಆಮೇಲೆ ಓದು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದ್ದ.

ಪರೀಕ್ಷೆಗೆ ಕೆಲವು ದಿನ ಇರುವಾಗ ನಾವು ಅವನನ್ನು ನೋಡಲು ಹೋದೆವು. ಇತಿಹಾಸ, ಸಂವಿಧಾನ, ಕನ್ನಡ ವ್ಯಾಕರಣ ಎಲ್ಲ ಬಾಯಲ್ಲೇ ಇತ್ತು. ಕಂಪ್ಯೂಟರ್ ವಿಷಯಕ್ಕೆ ಬಂದಾಗ ಮಾತ್ರ ಮುಖ ಸಣ್ಣದಾಯಿತು. ಮೊಬೈಲ್ ತೋರಿಸಿ ಕೇಳಿದ: "ಅಣ್ಣಾ, ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಏನಾಗುತ್ತೆ ಅಂತ ಕೇಳ್ತಾರೆ. ಮೊಬೈಲಲ್ಲಿ ಕಂಟ್ರೋಲ್ ಬಟನ್ನೇ ಇಲ್ಲ. ಒತ್ತಿ ನೋಡೋದು ಎಲ್ಲಿ?"

ಅವನು ಕಾಯುತ್ತಿದ್ದ ಗೇಟಿನ ಒಳಗೆ ನೂರಾರು ಕಂಪ್ಯೂಟರ್‌ಗಳಿದ್ದವು. ಅವನು ಅದುವರೆಗೆ ಒಂದನ್ನೂ ಮುಟ್ಟಿರಲಿಲ್ಲ.

ಅವತ್ತು ವಾಪಸ್ ಬರುವಾಗ ನಮ್ಮೊಳಗೇ ಮಾತಾಡಿಕೊಂಡೆವು. ಹಳ್ಳಿಯ ಲೆಕ್ಕ ಬರೆಯುವವನಿಗೆ ಕಂಪ್ಯೂಟರ್ ಬರಲೇಬೇಕು ಎಂಬ ನಿಯಮ ಬಂದದ್ದು ಯಾವಾಗ, ಯಾಕೆ? ಹುಡುಕಿಕೊಂಡು ಹೋದರೆ ಕಥೆ ನಮ್ಮೂರಿನ ಚಾವಡಿಯಲ್ಲೇ ಶುರುವಾಗುತ್ತದೆ.

ಬಳಪ ಮತ್ತು ಕಡತ

ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಲೆಕ್ಕ ಇಡುತ್ತಿದ್ದವರು ಶಾನುಭೋಗರು. ಉತ್ತರ ಕರ್ನಾಟಕದಲ್ಲಿ ಅದೇ ಕೆಲಸ ಕುಲಕರ್ಣಿಯದು. ಕೆಲಸ ವಂಶದಿಂದ ಬರುತ್ತಿತ್ತು. ಅಪ್ಪ ಶಾನುಭೋಗನಾದರೆ ಮಗನೂ ಶಾನುಭೋಗ.

ಅವರು ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ ಇಟ್ಟರೆ ಅದೇ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯಬಹುದು, ತಪ್ಪಾದರೆ ಒರೆಸಬಹುದು, ಮತ್ತೆ ಬರೆಯಬಹುದು. ಇವತ್ತು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಕಂಪ್ಯೂಟರಿನ ಫೈಲಿಗೂ ಕನ್ನಡದಲ್ಲಿ ಅದೇ ಹೆಸರು. ಶಾನುಭೋಗರ ಬಟ್ಟೆಯ ಪುಸ್ತಕ ಹೋಗಿ ಬಹಳ ಕಾಲವಾಯಿತು, ಹೆಸರು ಮಾತ್ರ ಕಂಪ್ಯೂಟರಿನೊಳಗೂ ಬಂದು ಕೂತಿದೆ.

ಆದರೆ ಒರೆಸಿ ಬರೆಯುವ ಅಧಿಕಾರ ಒಂದೇ ಮನೆಯ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಓದು ಬಾರದ ರೈತನಿಗೆ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಶಾನುಭೋಗರೇ ಗತಿ. 1961ರಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಬಂತು. 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಪಟೇಲ, ಶಾನುಭೋಗರ ವಂಶದ ಹಕ್ಕು ಹೋಯಿತು. ಅವರ ಜಾಗಕ್ಕೆ ಸಂಬಳದ ಸರ್ಕಾರಿ ನೌಕರ ಬಂದ. ಅವನೇ ಗ್ರಾಮ ಲೆಕ್ಕಿಗ, ಕೆಲವು ಕಡೆ ಜನರ ಬಾಯಲ್ಲಿ ತಲಾಟಿ.

ಆಳು ಬದಲಾದ, ಬರೆಯುವ ರೀತಿ ಬದಲಾಗಲಿಲ್ಲ. ಪಹಣಿ ಕೈಬರಹದಲ್ಲೇ ಇತ್ತು, ಪುಸ್ತಕ ಲೆಕ್ಕಿಗರ ಹತ್ತಿರವೇ ಇತ್ತು. ಒಂದು ಪಹಣಿ ಬೇಕೆಂದರೆ ಅವರು ಊರಿಗೆ ಬರುವ ದಿನ ಕಾಯಬೇಕಿತ್ತು.

ಪೂರ್ವ ಬೆಂಗಳೂರಿನಲ್ಲಿ ಏನಾಗುತ್ತಿತ್ತು

ಹಳ್ಳಿಯಲ್ಲಿ ಇದು ನಡೆಯುವಾಗ ಗರುಡಾಚಾರ್‌ಪಾಳ್ಯದ ಸುತ್ತಮುತ್ತ ಬೇರೆ ಬದಲಾವಣೆ ನಡೆಯುತ್ತಿತ್ತು. 1948ರಲ್ಲಿ ಕೆ.ಆರ್. ಪುರದ ಪಕ್ಕ ಐಟಿಐ, ಅಂದರೆ ಭಾರತೀಯ ದೂರವಾಣಿ ಕಾರ್ಖಾನೆ ಶುರುವಾಯಿತು. ಆ ಜಾಗದ ಹೆಸರೇ ದೂರವಾಣಿನಗರ ಆಯಿತು. ಮುಂದೆ ಮಹದೇವಪುರದ ಕಡೆಗೂ ಕಾರ್ಖಾನೆಗಳು ಬಂದವು.

ಆಗ ಗುಮಾಸ್ತನ ಕೆಲಸಕ್ಕೆ ಬೇಕಿದ್ದದ್ದು ಟೈಪಿಂಗ್. ಎಸ್ಸೆಸ್ಸೆಲ್ಸಿ ಮುಗಿಸಿದವರು ಜೂನಿಯರ್, ಸೀನಿಯರ್ ಎಂದು ಬೆರಳಚ್ಚು ಪರೀಕ್ಷೆ ಕಟ್ಟುತ್ತಿದ್ದರು. ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿಕೊಟ್ಟವರು ಅನಂತ ಸುಬ್ಬರಾಯರು. ತಾಲ್ಲೂಕು ಕೇಂದ್ರಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳ ಟಕಟಕ ಸದ್ದು ನಮ್ಮಲ್ಲಿ ಹಿರಿಯರಾದವರಿಗೆ ಇನ್ನೂ ನೆನಪಿದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಕಂಟೋನ್ಮೆಂಟ್ ಕಡೆಯ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆಯಿತು. ಉಪಗ್ರಹ ಸಂಪರ್ಕದ ದೊಡ್ಡ ಆಂಟೆನಾ ಅಲ್ಲಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ. 1986ರಲ್ಲಿ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲ ಬಾರಿ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತು. ಅದರ ಒಳಗಿದ್ದದ್ದೂ ಒಂದು ಬಗೆಯ ಕಂಪ್ಯೂಟರೇ. ನಮ್ಮ ಹಳ್ಳಿಗಳಿಗೆ ಕಂಪ್ಯೂಟರ್ ಹೀಗೆ, ಯಾರಿಗೂ ಕಾಣದಂತೆ, ಫೋನಿನ ಹಿಂದೆ ಬಂತು.

1998ರ ಹೊತ್ತಿಗೆ ಗರುಡಾಚಾರ್‌ಪಾಳ್ಯದಿಂದ ಸ್ವಲ್ಪ ಮುಂದೆ ಐಟಿಪಿಎಲ್ ತೆರೆಯಿತು. 2007ರಲ್ಲಿ ಮಹದೇವಪುರ ನಗರಸಭೆ ಬಿಬಿಎಂಪಿಗೆ ಸೇರಿತು. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ನಮ್ಮ ಹುಡುಗ ರೂಮು ಮಾಡಿದ್ದು ಈ ಗರುಡಾಚಾರ್‌ಪಾಳ್ಯದಲ್ಲಿ.

ಪಹಣಿ ಕಂಪ್ಯೂಟರಿಗೆ ಹೋದದ್ದು

ಹಳ್ಳಿಯ ಲೆಕ್ಕ ನಿಜವಾಗಿ ಬದಲಾದದ್ದು 'ಭೂಮಿ' ಯೋಜನೆಯಿಂದ. ಸುಮಾರು 2000-01ರ ಹೊತ್ತಿಗೆ ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿ. ತಂತ್ರಾಂಶ ಮಾಡಿದ್ದು ಎನ್‌ಐಸಿ. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಯಾರು ಏನು ತಿದ್ದಿದರು ಎಂದು ಗೊತ್ತಾಗಲಿ ಅಂತ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ವ್ಯವಸ್ಥೆ ಮಾಡಿದರು. ಕಡತದ ಬಳಪದ ಗುರುತು ಒರೆಸಿದರೆ ಒರೆಸಿದವನ ಗುರುತು ಉಳಿಯುತ್ತಿರಲಿಲ್ಲ. ಇಲ್ಲಿ ಉಳಿಯುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವ ತೊಡಕೂ ಅದೇ ಕಾಲಕ್ಕೆ ಸಡಿಲವಾಯಿತು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯನ್ನು ಆಧಾರ ಮಾಡಿಕೊಂಡು ಸರ್ಕಾರ ತನ್ನ ಕೀಲಿಮಣೆ ನಿಗದಿ ಮಾಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಕಚೇರಿಗಳಿಗೆ ಬಂತು.

2012ರಲ್ಲಿ ಸರ್ಕಾರ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ಪರೀಕ್ಷೆ ನಡೆಸುವುದು ಕಿಯೋನಿಕ್ಸ್. ಪಾಸಾಗಲು ಕೊಟ್ಟ ಗಡುವು ಹಲವು ಸಲ ಮುಂದೆ ಹೋಯಿತು. ಕೆಲಸದಲ್ಲಿ ಇರುವವರಿಗೇ ಅಷ್ಟು ಕಷ್ಟವಾಗಿತ್ತು ಎಂಬುದನ್ನು ಹೊರಗಿನಿಂದ ತಯಾರಿ ಮಾಡುವ ನಮ್ಮ ಹುಡುಗರು ನೆನಪಿಡಬೇಕು. ಇದು ದಡ್ಡತನದ ಮಾತಲ್ಲ, ಅಭ್ಯಾಸದ ಮಾತು.

ಗ್ರಾಮ ಲೆಕ್ಕಿಗರನ್ನು ಮೊದಲು ಪಿಯುಸಿ ಅಂಕದ ಮೇಲೆ ಆರಿಸುತ್ತಿದ್ದರು. ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾದ ಮೇಲೆ, 2024ರಲ್ಲಿ ಸಾವಿರ ಹುದ್ದೆಗೆ ಕೆಇಎ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ಎರಡನೇ ಪತ್ರಿಕೆಯಲ್ಲಿ ಕನ್ನಡ 35, ಇಂಗ್ಲಿಷ್ 35, ಕಂಪ್ಯೂಟರ್ 30. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಕಂಪ್ಯೂಟರ್ ಜ್ಞಾನದ ಆ ಪರೀಕ್ಷೆ ನಡೆದದ್ದು ಒಎಂಆರ್ ಹಾಳೆಯ ಮೇಲೆ, ಪೆನ್ನಿನಲ್ಲಿ.

ಬಾಯಿಪಾಠಕ್ಕಿಂತ ಕಥೆ ಉಳಿಯುತ್ತದೆ

ನಮ್ಮ ಹುಡುಗನಿಗೆ ಆ ದಿನ ನಾವು ಹೇಳಿದ್ದನ್ನು ನಿಮಗೂ ಹೇಳುತ್ತೇವೆ. ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ಹಳೆಯ ಕಚೇರಿಯಿಂದಲೇ ಬಂದವು.

ಕೀಬೋರ್ಡಿನ ಮೇಲಿನ ಸಾಲು ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಎಂದು ಯಾಕಿದೆ? 1870ರ ದಶಕದಲ್ಲಿ ಅಮೆರಿಕದ ಶೋಲ್ಸ್ ಮಾಡಿದ ಟೈಪ್‌ರೈಟರಿನ ಸಾಲು ಅದು. ಶಿಫ್ಟ್ ಕೀಲಿಯೂ ಟೈಪ್‌ರೈಟರಿನದೇ, ದೊಡ್ಡಕ್ಷರ ಬೀಳಲು ಯಂತ್ರದ ಭಾಗವನ್ನು ಸರಿಸುತ್ತಿತ್ತು. ಎಂಟರ್ ಎಂದರೆ ಸಾಲು ಮುಗಿದಾಗ ಹಾಳೆಯ ಗಾಡಿಯನ್ನು ಹಿಂದಕ್ಕೆ ತಳ್ಳುತ್ತಿದ್ದ ಕೆಲಸದ ಮೊಮ್ಮಗ.

ಇಮೇಲ್‌ನಲ್ಲಿ ಸಿಸಿ ಎಂದರೆ ಕಾರ್ಬನ್ ಕಾಪಿ. ನೀಲಿ ಕಾರ್ಬನ್ ಹಾಳೆ ಇಟ್ಟು ರಸೀದಿ ಬರೆಯುವುದನ್ನು ನೀವು ಸೊಸೈಟಿಯಲ್ಲಿ ನೋಡಿದ್ದೀರಿ. ಒಂದೇ ಪತ್ರ ಇನ್ನೊಬ್ಬರಿಗೂ ಹೋಗಲಿ ಎಂಬುದೇ ಅರ್ಥ. ಬಿಸಿಸಿ ಎಂದರೆ ಆ ಇನ್ನೊಬ್ಬರ ಹೆಸರು ಉಳಿದವರಿಗೆ ಕಾಣುವುದಿಲ್ಲ. ಇಮೇಲ್ ವಿಳಾಸದ ನಡುವೆ ಅಟ್ ಗುರುತು ಇಟ್ಟವರು ರೇ ಟಾಮ್ಲಿನ್ಸನ್, 1971ರಲ್ಲಿ.

ರ್‍ಯಾಮ್ ಎಂದರೆ ಬಳಪದ ಬರಹ ಎಂದುಕೊಳ್ಳಿ. ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಹಾರ್ಡ್ ಡಿಸ್ಕ್ ಎಂದರೆ ಶಾಯಿಯ ಬರಹ, ಕರೆಂಟ್ ಹೋದರೂ ಇರುತ್ತದೆ. ಸೇವ್ ಮಾಡುವುದೆಂದರೆ ಬಳಪದ ಬರಹವನ್ನು ಶಾಯಿಗೆ ಇಳಿಸುವುದು. ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಆಗುವ ಕೆಲಸ ಇದು. ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಈಗಷ್ಟೇ ಮಾಡಿದ್ದು ರದ್ದಾಗಿ ಹಿಂದಿನದು ಬರುತ್ತದೆ.

ಎಕ್ಸೆಲ್ ಎಂದರೆ ಹೆದರಬೇಡಿ. ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಅಡ್ಡ ಸಾಲು, ಉದ್ದ ಕಲಂ. 9ನೇ ಕಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ವಿವರ. ಎಕ್ಸೆಲ್ ಹಾಳೆಯೂ ಹೀಗೆಯೇ. ಕಲಂಗೆ ಅಕ್ಷರ, ಸಾಲಿಗೆ ಸಂಖ್ಯೆ. ಎರಡೂ ಸೇರುವ ಮನೆಗೆ ಸೆಲ್ ಎಂದು ಹೆಸರು, ಬಿ ಕಲಂನ 4ನೇ ಸಾಲು ಬಿ4. ಲೆಕ್ಕ ಮಾಡಿಸಬೇಕಾದರೆ ಮೊದಲು ಸಮ ಚಿಹ್ನೆ ಹಾಕಬೇಕು. 2007ರ ಆವೃತ್ತಿಯಿಂದ ಒಂದು ಹಾಳೆಗೆ 10,48,576 ಸಾಲು, 16,384 ಕಲಂ. ಇಂಥ ಸಂಖ್ಯೆ ಕೇಳುವುದುಂಟು, ಬರೆದಿಟ್ಟುಕೊಳ್ಳಿ.

ಇದು ಹುಡುಗನೊಬ್ಬನ ಕೆಲಸದ ಮಾತಷ್ಟೇ ಅಲ್ಲ

ಅವನಿಗೆ ಆ ಸಲ ಕೆಲಸ ಸಿಗಲಿಲ್ಲ. ಕಾಲು ಅಂಕ ಹೋಗುತ್ತದೆಂಬ ಹೆದರಿಕೆಗೆ ಕಂಪ್ಯೂಟರ್ ಭಾಗದಲ್ಲಿ ಹಲವು ಪ್ರಶ್ನೆ ಬಿಟ್ಟಿದ್ದ. ಮನೆಗೆ ಬಂದು ಉತ್ತರ ನೋಡಿದಾಗ ಬಿಟ್ಟವುಗಳಲ್ಲಿ ಕೆಲವು ಗೊತ್ತಿದ್ದವೇ.

ಅದೇ ಹುದ್ದೆಗೆ ಬರುವವನು ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ಬೆಳೆ ಪರಿಹಾರ ನಿಲ್ಲುತ್ತದೆ. ತಿದ್ದಿಸಲು ತಾಲ್ಲೂಕು ಕಚೇರಿಗೆ ಎಷ್ಟು ಸಲ ಬಸ್ ಹತ್ತಬೇಕೋ ಲೆಕ್ಕವಿಲ್ಲ. ಆದ್ದರಿಂದ ಕಂಪ್ಯೂಟರ್ ಕೇಳುವುದು ತಪ್ಪಲ್ಲ. ಕೇಳಲೇಬೇಕು. ನಮ್ಮ ದೂರು ಬೇರೆ. ಕಂಪ್ಯೂಟರ್ ಮುಟ್ಟಲು ಸಿಕ್ಕವನಿಗೂ ಸಿಗದವನಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಮುಟ್ಟುವ ಜಾಗ ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಶಾನುಭೋಗಿಕೆ ಒಂದೇ ಮನೆಯಲ್ಲಿ ಉಳಿಯಬಾರದೆಂದು ಕಾನೂನು ಬಂತು. ಕಂಪ್ಯೂಟರ್ ಇರುವ ಮನೆಗೇ ಕೆಲಸ ಎಂದಾಗಿಬಿಟ್ಟರೆ ಆ ಕಾನೂನಿನಿಂದ ಬಂದ ಲಾಭ ಅರ್ಧ ಹೋದಂತೆ.

ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಕೇಳಿ. ಅರಿವು ಕೇಂದ್ರ ಎಂದು ಬೋರ್ಡು ಇರಬಹುದು. ಹಲವು ಕಡೆ ಅಲ್ಲಿ ಕಂಪ್ಯೂಟರ್ ಇದೆ. ಕವರ್ ಹಾಕಿ ಇಟ್ಟಿದ್ದರೆ ತೆಗೆಸಿ. ಕೆಟ್ಟಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ದಿನಕ್ಕೆ ಅರ್ಧ ತಾಸು ಸಿಕ್ಕರೂ ಒಂದು ತಿಂಗಳಲ್ಲಿ ಕೈ ಪಳಗುತ್ತದೆ.

ನಮ್ಮ ಹುಡುಗ ಈಗ ತಿಂಗಳಿಗೆರಡು ಸಲ ಊರಿಗೆ ಬರುತ್ತಾನೆ. ಬಂದಾಗ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಮೊದಲ ದಿನ ಅವನು ತನ್ನ ಹೆಸರು ಟೈಪ್ ಮಾಡಿ, ಅಳಿಸಿ, ಕಂಟ್ರೋಲ್ ಜೊತೆ ಝಡ್ ಒತ್ತಿದ. ಹೆಸರು ವಾಪಸ್ ಬಂತು. ನಮ್ಮ ಕಡೆ ತಿರುಗಿ, "ಇಷ್ಟೇನಾ ಅಣ್ಣಾ?" ಅಂದ.

ಇಷ್ಟೇ.